ಹೂಂಗುಟ್ಟುವವಳು

ಅಂದು ದೇಶದ ತುಂಬ ಪರಂಪರೆಯ ಸಂಜೆ, ಎಲ್ಲ ವಸ್ತುಸಂಗ್ರಹಾಲಯಗಳಿಗೂ ಪುಕ್ಕಟೆ ಪ್ರವೇಶ. ವರ್ಷವೆಲ್ಲ ಟಿಕೆಟ್ಟಿಗೆ ಅಂಜಿ ದೂರ ಉಳಿದಿದ್ದ ಪುಟ್ಟತಾಯಿ ತನ್ನ ಅಜ್ಜಿಯನ್ನು ನೋಡಲು ಹೊರಟಳು. ಕತೆ ಬಲ್ಲ ಮುದುಕಿಯರೆಲ್ಲ ಈಗ ಪರಂಪರೆ ಇಲಾಖೆಯ ಗಾಜಿನ ಕೋಣೆಗಳಲ್ಲಿದ್ದಾರೆ. ಬಲವಂತವೇನಿಲ್ಲ; ಬಾಯಿಬಿಟ್ಟು ಒಪ್ಪಿದವರನ್ನಷ್ಟೇ ಒಳಗೆ ಕರೆದುಕೊಳ್ಳುತ್ತಾರೆ. ಆಮೇಲೆ ಹೊರಗೆ ಬಿಡುವುದಿಲ್ಲ.

"ಕಿವಿ ಕೊಡು, ಬಾಯಿ ಕೊಡಬೇಡ ಕಣೆ," ಎಂದು ಅವ್ವ ಹೇಳಿಯೇ ಕಳಿಸಿದ್ದಳು.

ಗಾಜಿನಾಚೆ ಅಜ್ಜಿ ರಾಕ್ಷಸನ ಕತೆ ತೆಗೆದಿದ್ದಳು. ಜನ ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದರು. ರಾಕ್ಷಸನ ಜೀವ ಗಿಣಿಯಲ್ಲಿದೆ ಎನ್ನುವಲ್ಲಿಗೆ ಅಜ್ಜಿ ಸುಮ್ಮನಾದಳು. ಹೂಂಗುಟ್ಟುವವರಿಲ್ಲದೆ ಅವಳ ಕತೆ ಎಂದೂ ಮುಂದೆ ಹೋದದ್ದಿಲ್ಲ.

"ಬಂದಾಗಿಂದ ಒಂದ್ ಕತೇನೂ ಮುಗಿಸಿಲ್ಲ ಈ ಮುದುಕಿ," ಎಂದ ಮೇಲ್ವಿಚಾರಕ. "ಇವತ್ತೂ ನಿಂತ್ರೆ ಗೋದಾಮಿಗೆ ಹಾಕೋದೇ."

ಗೋದಾಮಿನಲ್ಲಿ ದೀಪವಿಲ್ಲ, ಅನ್ನವೂ ಇಲ್ಲ. ಪುಟ್ಟತಾಯಿ ಗಾಜಿಗೆ ಬಾಯಿ ಹಚ್ಚಿ, "ಹೂಂ," ಎಂದಳು.

ಅಜ್ಜಿಯ ಮುಖ ಅರಳಿತು. ಕತೆ ಸಮುದ್ರ ದಾಟಿತು, ಕಾಡು ಹೊಕ್ಕಿತು. ಅಜ್ಜಿ ಉಸಿರು ತೆಗೆದುಕೊಂಡಲ್ಲೆಲ್ಲ ಮೊಮ್ಮಗಳು ಚಿಕ್ಕಂದಿನ ಹಾಗೇ ಹೂಂಗುಟ್ಟಿದಳು. ಅವಳಿಗೆ ಜನವೂ ಕಾಣಲಿಲ್ಲ, ಗಾಜೂ ಕಾಣಲಿಲ್ಲ.

ಮೇಲ್ವಿಚಾರಕ ಮೆಲ್ಲನೆ ಪಕ್ಕಕ್ಕೆ ಬಂದು ನಿಂತ. ರಾಜಕುಮಾರ ಗಿಣಿಯ ಕತ್ತಿಗೆ ಕೈ ಹಾಕಿದ್ದ. ಅಜ್ಜಿ ಉಸಿರು ತೆಗೆದುಕೊಂಡಳು.

"ಇವ್ರ ಜೊತೆ ಇಲ್ಲೇ ಇದ್ದುಬಿಡ್ತೀರೇನಮ್ಮ?" ಎಂದು ಅವನು ಕೇಳಿದ.

"ಹೂಂ," ಎಂದಳು ಪುಟ್ಟತಾಯಿ, ಕತೆಗೆ.

ಗಾಜಿನ ಬಾಗಿಲು ತೆರೆಯಿತು, ಅವಳನ್ನು ಒಳಗೆ ಬಿಟ್ಟುಕೊಂಡು ಮುಚ್ಚಿತು. ಜನ ಚಪ್ಪಾಳೆ ತಟ್ಟಿದರು.

ಅಜ್ಜಿ ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕೊ ಮಗ, ರಾಕ್ಷಸ ಇನ್ನೂ ಸತ್ತಿಲ್ಲ."