ಹದಿನೇಳು ಸಾಲಿನ ಬೋರ್ಡು

ದೊಡ್ಡಮಾದಮ್ಮ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿ ಮುದ್ದೆ ಮುರಿಯುವಷ್ಟರಲ್ಲಿ ಸೀಟಿ ಕೇಳಿಸಿತು. ಪಾರ್ಕಿನ ಹೊಸ ಮೇಲ್ವಿಚಾರಕ ನೀಲಕಂಠಸ್ವಾಮಿ ದಾಪುಗಾಲು ಹಾಕಿಕೊಂಡು ಬಂದ.

"ಏಳಮ್ಮ ಮೇಲೆ! ಬೋರ್ಡು ಕಾಣಲ್ವಾ? ಇಲ್ಲಿ ಊಟ ಮಾಡಂಗಿಲ್ಲ."

ಕಾಣದೇನು? ಹುಲ್ಲುಹಾಸಿನ ನಟ್ಟನಡುವೆ ನಿನ್ನೆ ತಾನೇ ನೆಟ್ಟ, ಬಾಗಿಲಷ್ಟು ದೊಡ್ಡ ಬೋರ್ಡು. ಹದಿನೇಳು ಸಾಲು.

"ಗೇಟಿನಾಚೆ ಎಲ್ ಉಣ್ಣದು ಬುದ್ಯೋರೆ? ಚರಂಡಿ ಅದ, ಉರಿಬಿಸ್ಲು ಅದ."

"ರೂಲ್ಸ್ ಅಂದ್ರೆ ರೂಲ್ಸು. ಎಲ್ಲಾರ್ಗೂ ಒಂದೇ."

ಅಂದು ಕಳೆ ಕೀಳುವ ನಾಲ್ಕೂ ಹೆಂಗಸರು ಚರಂಡಿ ಪಕ್ಕ ನಿಂತೇ ಉಂಡರು. ಹತ್ತು ವರ್ಷದಿಂದ ಹರದನಹಳ್ಳಿಯಿಂದ ಬಂದು ಆ ಹುಲ್ಲು ಬೆಳೆಸಿದವಳು ದೊಡ್ಡಮಾದಮ್ಮ. ಬಿತ್ತಿದ ಹೊಲಕ್ಕೆ ಇಳಿಯುವ ಹಾಗೆ ಚಪ್ಪಲಿ ಬಿಟ್ಟೇ ಅದಕ್ಕೆ ಇಳಿಯುತ್ತಿದ್ದಳು. ಹೊಂಗೆಗೆ ನೀರು ಹೊತ್ತವಳೂ ಅವಳೇ. ತಾನು ಸಾಕಿದ ನೆರಳಿನಿಂದಲೇ ತನ್ನನ್ನು ಎಬ್ಬಿಸಿದನಲ್ಲ ಎಂದುಕೊಂಡು, ಜೊತೆಯ ಆಳು ಭಾನುವನ್ನು ಬೋರ್ಡಿನ ಎದುರಿಗೆ ಕರೆದೊಯ್ದಳು.

"ಭಾನು, ನೀ ಏಳ್ನೇ ಕ್ಲಾಸು ಓದಿದ್ದಿಯಲ್ಲ. ಆ ಬೋರ್ಡ ಒಂದಕ್ಸರ ಬುಡ್ದೆ ಓದಮ್ಮಿ."

"ಹುಲ್ಲಿನ ಮೇಲೆ ಕಾಲಿಡಬಾರದು. ಗಿಡ ಕೀಳಬಾರದು. ಕುಡುಗೋಲು ತರಬಾರದು. ನಲ್ಲಿ ಮುಟ್ಟಬಾರದು..."

"ಸಾಕು ಬುಡು," ಎಂದಳು ದೊಡ್ಡಮಾದಮ್ಮ. ಅವಳ ಮುಖ ಅರಳಿತ್ತು.

ಮರುದಿನ ನಾಲ್ವರೂ ಹೊತ್ತಿಗೆ ಸರಿಯಾಗಿ ಬಂದು ಗೇಟಿನ ಒಳಗೆ, ಕಲ್ಲುಹಾದಿಯ ಮೇಲೆ, ಕಾಲು ಚಾಚಿ ಕೂತರು. ನೀಲಕಂಠಸ್ವಾಮಿ ಕೂಗಾಡಿದ.

"ಹುಲ್ ಮ್ಯಾಲ ಕಾಲಿಡಂಗಿಲ್ಲ, ಗಿಡ ಕೀಳಂಗಿಲ್ಲ, ನಲ್ಲಿ ಮುಟ್ಟಂಗಿಲ್ಲ. ನಾವೇನ್ ಮಾಡವು ಬುದ್ಯೋರೆ?"

"ಅದು ಕೆಲಸದವರಿಗಲ್ಲ!"

"ಉಣ್ಣಾಗ ನಮಗೂ ಇದ್ದ ರೂಲ್ಸು ಕಳೆ ಕೀಳಾಗ ಎಲ್ಗೋಯ್ತು?"

ಬೇರೆ ಆಳು ಕರೆಸಿದ. ಬಂದವರೂ ಹರದನಹಳ್ಳಿಯವರೇ. ಬೋರ್ಡು ಓದಿಸಿ ಕೇಳಿ, ದೊಡ್ಡಮಾದಮ್ಮನ ಪಕ್ಕ ಸಾಲಾಗಿ ಕೂತರು. ಅಷ್ಟರಲ್ಲಿ ಮಳೆ ಹಿಡಿಯಿತು. ಹತ್ತು ದಿನಕ್ಕೆ ಕಳೆ ಮೊಣಕಾಲು ಮುಟ್ಟಿತು. ಕೇರೆಹಾವೊಂದು ಬೆಂಚಿನಡಿಯಿಂದ ಹೊರಟು, ಯಾವ ರೂಲ್ಸಿಗೂ ಸೊಪ್ಪು ಹಾಕದೆ ಹುಲ್ಲಿನ ಮೇಲೇ ಹರಿದು ಹೋಯಿತು. ಚಾಮರಾಜನಗರ ಹೊಸ ಜಿಲ್ಲೆಯಾಗುವ ಸಮಾರಂಭಕ್ಕೆ ಒಂದೇ ವಾರ. ದೊಡ್ಡವರೆಲ್ಲ ಪಾರ್ಕಿಗೆ ಬರುವವರಿದ್ದರು.

ಹನ್ನೊಂದನೆಯ ಬೆಳಿಗ್ಗೆ ನೀಲಕಂಠಸ್ವಾಮಿ ತಾನೇ ಹಾರೆ ಹಿಡಿದು ಬಂದ. "ಬೋರ್ಡು ಕಿತ್ತಾಕ್ತೀನಿ. ಮರದ ಕೆಳಗೇ ಉಣ್ಣಿ. ಕೆಲಸ ಶುರು ಮಾಡ್ರಮ್ಮ."

ಬೋರ್ಡು ಇದ್ದದ್ದು ಹುಲ್ಲಿನ ನಡುವೆ. ಅಂಚಿಗೆ ಬಂದವನು ಗಕ್ಕನೆ ನಿಂತ. ಹೆಂಗಸರೆಲ್ಲ ಅವನ ಕಾಲನ್ನೇ ನೋಡುತ್ತಿದ್ದರು.

ದೊಡ್ಡಮಾದಮ್ಮ ಹತ್ತು ದಿನ ತಡೆದಿದ್ದ ನಗುವನ್ನೆಲ್ಲ ಒಮ್ಮೆಗೇ ನಕ್ಕಳು.

"ಬನ್ನಿ ಬುದ್ಯೋರೆ, ನಾ ಯಾನೂ ಅನ್ನಲ್ಲ. ಚಪ್ಪಲಿ ಮಾತ್ರ ಅಲ್ಲೇ ಬುಟ್ಟು ಬನ್ನಿ. ನಾ ಸಾಕಿರ ಹುಲ್ಲು ಅದು."

ನೀಲಕಂಠಸ್ವಾಮಿ ಹಾರೆ ಕೆಳಗಿಟ್ಟು, ಬಗ್ಗಿ ಚಪ್ಪಲಿ ಬಿಚ್ಚಿದ.