ಹೊಗೆ ತಪಾಸಣೆಗೆ ಹೋದ ವ್ಯಾನು

ಹುಬ್ಬಳ್ಳಿಯ ದ್ಯಾಮಣ್ಣ ತನ್ನ ಹಳೆಯ ವ್ಯಾನನ್ನು ಹೊಗೆ ತಪಾಸಣೆಗೆ ತಂದಿದ್ದ.

ತಪಾಸಣೆ ಮಾಡುವ ನೀಲವ್ವ ಸರ್ಟಿಫಿಕೇಟ್ ಕೊಟ್ಟಳು. ಆದರೆ ಕಳಿಸಲಿಲ್ಲ... ಚಾಸಿ ನಂಬರನ್ನು ತನ್ನ ಮೊಬೈಲಿನಲ್ಲಿ ಹಾಕಿ ನೋಡಿದಳು.

"ಅಣ್ಣಾರ, ನಿಮ್ಮ ಗಾಡಿದು ರೀಕಾಲ್ ಐತ್ರಿ. ಬ್ರೇಕಿಂದೊಂದು ಪಾರ್ಟ್ ಸರಿ ಇಲ್ಲಂತ ಕಂಪನಿಯವರ ವಾಪಸ್ ಕರದಾರ. ಪುಕ್ಕಟೆ ಬದಲಿ ಮಾಡ್ತಾರ. ನಿಮ್ಮದಿನ್ನೂ ಆಗಿಲ್ಲ."

ಪುಕ್ಕಟೆ ಎಂದರೆ ದ್ಯಾಮಣ್ಣನ ಕೈ ತಾನಾಗಿ ಜೇಬಿನ ಮೇಲೆ ಹೋಗುತ್ತಿತ್ತು.

"ನನಗ್ಯಾರೂ ಪತ್ರ ಕಳಿಸಿಲ್ಲಲ್ರಿ..."

"ನೀವು ಸೆಕೆಂಡ್ ಹ್ಯಾಂಡ್ ತಗೊಂಡೀರಿ. ಪತ್ರ ಮೊದಲಿನ ಮಾಲೀಕರ ಮನಿಗೆ ಹೋಗಿರತೈತಿ."

"ಗಿರಾಕಿ ಕಳಿಸಿದ್ರ ಶೋರೂಮಿನವರು ನಿಮಗೇನು ಕೊಡ್ತಾರ?"

ನೀಲವ್ವ ಸಿಟ್ಟಾಗಲಿಲ್ಲ. "ಹೊಗಿ ಒಂದ ನೋಡಿ ಕಳಿಸಿದ್ರ ಹೆಂಗ್ರಿ... ಗಾಡಿ ನಿಲ್ಲಬೇಕಲ್ಲ" ಎಂದು ಚೀಟಿಯಲ್ಲಿ ಶೋರೂಮಿನ ವಿಳಾಸ ಬರೆದುಕೊಟ್ಟಳು.

ಪಕ್ಕದ ಚಹಾದಂಗಡಿಯಲ್ಲಿ ದ್ಯಾಮಣ್ಣ ಅವಳ ಬಗ್ಗೆ ವಿಚಾರಿಸಿದ.

"ಬಂದವರಿಗೆಲ್ಲಾ ಹೇಳ್ತಾಳ್ರಿ. ಅರ್ಧ ಮಂದಿ ಬೈದ ಹೋಗ್ತಾರ" ಎಂದ ಅಂಗಡಿಯವನು.

ಆದರೂ ಅನುಮಾನ ಹೋಗಲಿಲ್ಲ... ಗಾಡಿ ಒಳಗೆ ಬಿಟ್ಟರೆ ಒಳ್ಳೆಯ ಸಾಮಾನು ಬಿಚ್ಚಿಕೊಂಡರೆ?

ನಾಲ್ಕು ದಿನ ಯೋಚಿಸಿ ಶೋರೂಮಿಗೆ ಹೋದ. ಒಳಗೆ ಕೂರಿ ಎಂದರೂ ಕೂರದೆ ಮೆಕ್ಯಾನಿಕ್ಕಿನ ಕೈಯನ್ನೇ ನೋಡುತ್ತ ನಿಂತ.

ಮೆಕ್ಯಾನಿಕ್ ಬ್ರೇಕಿನ ಒಂದು ರಬ್ಬರ್ ಪೈಪ್ ಬಿಚ್ಚಿ ತೋರಿಸಿದ.

"ಕಾದಾಗ ಇದು ಒಳಗ ಮುಚ್ಕೋತೈತಿ. ಪೆಡಲ್ ಕಲ್ಲಿನಂಗ ಆಗತೈತಿ... ಎಷ್ಟು ತುಳದ್ರೂ ಗಾಡಿ ನಿಲ್ಲೂದಿಲ್ಲ. ಆರಿದ ಮ್ಯಾಲ ನೋಡಿದ್ರ ಎಲ್ಲಾ ಸರಿ ಇರತೈತಿ."

ದ್ಯಾಮಣ್ಣ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಎಂಟು ತಿಂಗಳ ಹಿಂದೆ ಅವನು ಇದೇ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ. ಒಂದು ಮಧ್ಯಾಹ್ನ ವ್ಯಾನು ನಿಲ್ಲದೆ ಶಾಲೆಯ ಕಂಪೌಂಡಿಗೆ ಬಡಿಯಿತು... ಪಲ್ಲವಿ ಎಂಬ ಹುಡುಗಿಯ ಕೈ ಮುರಿಯಿತು.

ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಗ್ಯಾರೇಜಿನವರು ನೋಡಿ, ಬ್ರೇಕ್ ಸರಿಯಾಗಿಯೇ ಇದೆ ಎಂದರು.

ಕುಡಿದಿದ್ದ ಎಂದು ಜನ ಮಾತಾಡಿಕೊಂಡರು. ಒಂದೊಂದೇ ಮಗು ವ್ಯಾನು ಬಿಟ್ಟಿತು... ಬರಬರುತ್ತ ಅವನಿಗೇ ತನ್ನ ಮೇಲೆ ಅನುಮಾನ. ಬ್ರೇಕ್ ಬದಲು ಎಕ್ಸಲರೇಟರ್ ತುಳಿದೆನೇ...?

"ಈಗ ಹೇಳಿದ್ದನ್ನ ಒಂದು ಹಾಳ್ಯಾಗ ಬರದು ಕೊಡ್ತೀರೇನ್ರಿ?" ಎಂದು ಕೇಳಿದ.

ಮನೆಯಲ್ಲಿ ಹೆಂಡತಿ ಕಸ್ತೂರಿ ಆ ಹಾಳೆಯನ್ನು ಎರಡು ಸಲ ಓದಿದಳು.

"ಆವತ್ತು ಆಸ್ಪತ್ರಿಯಿಂದ ಬಂದು ನೀವು ಮಲಗಿದಾಗ... ನಾನೂ ನಿಮ್ಮ ಬಾಯಿ ಮೂಸಿ ನೋಡಿದ್ದೆ."

"ವಾಸನಿ ಇತ್ತೇನು?"

"ಇರಲಿಲ್ಲ. ಆದ್ರೂ ನಂಬಲಿಲ್ಲ."

ದ್ಯಾಮಣ್ಣ ಅವಳ ಪಕ್ಕದಲ್ಲಿ ಕುಳಿತ. "ನನ್ನ ನಾನ ನಂಬಲಿಲ್ಲ ಬಿಡು..."

ಆ ಸಂಜೆಯೇ ಇಬ್ಬರೂ ಪಲ್ಲವಿಯ ಮನೆಗೆ ಹೋದರು.

ಹುಡುಗಿಯ ತಂದೆ ಬಾಗಿಲಲ್ಲೇ ಮುಖ ಬಿಗಿದು ನಿಂತರು. ದ್ಯಾಮಣ್ಣ ಕೊಟ್ಟ ಹಾಳೆ ಓದಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಒಳಗ ಬಾ ದ್ಯಾಮಣ್ಣ... ಕುಡದಾನಂತ ಮೊದಲು ಅಂದಾವ ನಾನ."

ಅಷ್ಟರಲ್ಲಿ ಪಲ್ಲವಿ ಹೊರಗೆ ಬಂದಳು.

"ನಾಳೆಯಿಂದ ವ್ಯಾನ್ ಬರತೈತೇನ್ರಿ, ಮಾಮಾ?"

ದ್ಯಾಮಣ್ಣ ತಂದೆಯ ಮುಖ ನೋಡಿದ. ಅವರು ಹೂಂ ಎಂದು ತಲೆಯಾಡಿಸಿದರು...

ಎಂಟು ತಿಂಗಳು ಕಣ್ಣಲ್ಲಿ ನೀರು ತರಿಸಿಕೊಳ್ಳದ ಮನುಷ್ಯ ಆ ಮಗುವಿನ ಮುಂದೆ ಅತ್ತುಬಿಟ್ಟ.

ಅನುಮಾನ ಬರುವುದು ತಪ್ಪಲ್ಲ... ವಿಚಾರಿಸದೆ ಅದನ್ನೇ ತೀರ್ಪು ಮಾಡುವುದು ತಪ್ಪು.

ನೀವು ಓಡಿಸುವ ಗಾಡಿಯನ್ನು, ನೀವು ದೂರ ಇಟ್ಟ ಮನುಷ್ಯನನ್ನು... ಒಮ್ಮೆಯಾದರೂ ಸರಿಯಾಗಿ ವಿಚಾರಿಸಿದ್ದೀರಾ?