ಉಪ್ಪಿನ ಹದ

ಫೋನಿನಲ್ಲಿ ಮತ್ತೊಂದು ದೂರು. "ಉಪ್ಪಿನಕಾಯಿಯಲ್ಲಿ ಉಪ್ಪೇ ಇಲ್ಲ." ಮೊನ್ನೆಯಷ್ಟೇ ಇನ್ನೊಬ್ಬರು, ಬಾಯಿಗಿಟ್ಟರೆ ಬರೀ ಉಪ್ಪು ಎಂದು ಬರೆದಿದ್ದರು. ಒಂದೇ ಕೈ, ಒಂದೇ ಅಡುಗೆಮನೆ. ಎರಡೂ ಹೇಗೆ ನಿಜವಾದೀತು? ಇದು ಹೊಟ್ಟೆಕಿಚ್ಚಿನ ಕೆಲಸವೇ ಸೈ. ತಾನೂ ಆನ್‌ಲೈನ್ ಅಂಗಡಿ ತೆರೆಯಬೇಕೆಂದು ವಾರಗಿತ್ತಿ ಈಚೆಗೆ ವಿಚಾರಿಸುತ್ತಿದ್ದುದು ನೆನಪಾಗಿ, ನಿಂಬೆಯಕ್ಕ ಚಪ್ಪಲಿ ಮೆಟ್ಟಿ ಅವಳ ಮನೆಗೆ ಹೊರಟಳು.

ಹೊರಡದೆ ಏನು ಮಾಡಿಯಾಳು? ಮೊದಲೆಲ್ಲ ತೋಟದ ನಿಂಬೆ ಮಂಡಿಯಲ್ಲಿ ಕೇಳುವವರಿಲ್ಲದೆ ಕೊಳೆಯುತ್ತಿತ್ತು. ಫೋನಿನಲ್ಲಿ ಅಂಗಡಿ ಇಟ್ಟ ಮೇಲೆ ಕಂಡುಕೇಳದ ಊರುಗಳವರು ಅವಳ ಉಪ್ಪಿನಕಾಯಿ ತರಿಸಿಕೊಂಡರು, ನಿಂಬೆಯಕ್ಕ ಎಂದು ಹೆಸರಿಟ್ಟವರೂ ಅವರೇ. ಈಗ ಇನ್ನೊಂದು ದೂರು ಬಂದರೆ ಅಂಗಡಿ ತೆಗೆದುಹಾಕುತ್ತೇವೆಂದು ಕಂಪನಿಯವರು ತಿಳಿಸಿದ್ದರು.

ರುಚಿಯ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಬಿಪಿಗೆಂದು ಉಪ್ಪು ಬಿಟ್ಟವಳಿಗೆ ಚಿಟಿಕೆಯೂ ಹಿಡಿಯಾಗಿ ಕಾಣುತ್ತಿತ್ತು, ಹಾಗಾಗಿ ಹದ ನೋಡುವುದು ಮೊದಲಿನಿಂದಲೂ ಗಂಡನ ಕೆಲಸ. ಉಪ್ಪು ಒಂದು ಕಲ್ಲು ಹೆಚ್ಚಾದರೂ ತಟ್ಟೆ ತಳ್ಳಿ ಏಳುತ್ತಿದ್ದ ಆಸಾಮಿ! ಗಂಟಲಿನ ಕ್ಯಾನ್ಸರ್ ಗಡ್ಡೆಗೆ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದ ಮೇಲೆ ಮಾತ್ರ ಹಾಕಿದ್ದನ್ನು ಸುಮ್ಮನೆ ಉಣ್ಣುತ್ತಿದ್ದ. ಜೀವ ಉಳಿಯಿತಲ್ಲ, ಜೊತೆಗೆ ಸಿಡುಕೂ ಹೋಯಿತಲ್ಲ ಎಂದು ಅವಳು ಹಿಗ್ಗಿದ್ದಳು, ಪಾಪ.

ವಾರಗಿತ್ತಿ ಬೈಗುಳವನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ನಿನ್ನ ಅಂಗಡಿ ಮುಚ್ಚಿದ್ರೆ ನನ್ನ ಹೊಟ್ಟೆ ತುಂಬುತ್ತಾ ಅಕ್ಕ? ನನ್ನ ತೋಟದ ಹಣ್ಣೂ ಕೊಳ್ಳೋಳು ನೀನೇ ಅಲ್ವಾ?"

ನಿಂಬೆಯಕ್ಕ ಬಂದ ದಾರಿ ಹಿಡಿದಳು. ಸ್ವಂತ ತಂಗಿಯಂತಿದ್ದವಳನ್ನು ಹಾಗೆ ಅಂದೆನಲ್ಲ ಎಂದು ದಾರಿಯುದ್ದಕ್ಕೂ ಅತ್ತಳು.

ಮನೆಗೆ ಬಂದವಳೇ ಹೊಸ ಜಾಡಿ ತುಂಬಲು ಕೂತಳು. ಹೋಳು ಹೆಚ್ಚಿದಳು, ಖಾರದಪುಡಿ, ಸಾಸಿವೆಪುಡಿ ಕಲಸಿದಳು. ಮನಸ್ಸೆಲ್ಲೋ, ಕೈಯೆಲ್ಲೋ. ಕೊನೆಗೆ ಚಮಚದಲ್ಲಿ ಒಂದಿಷ್ಟು ತೆಗೆದುಕೊಂಡು ಹಜಾರದಲ್ಲಿದ್ದ ಗಂಡನ ಮುಂದೆ ಹಿಡಿದಳು.

"ಈ ಸಲ ಸರಿಯಾಗಿ ನೋಡಿ ಹೇಳ್ರೀ. ಇದೂ ಕೆಟ್ರೆ ಎಲ್ಲಾ ಮುಗೀತು."

ಅವನು ಕಣ್ಣು ಮುಚ್ಚಿ, ಮೊದಲಿನಂತೆಯೇ ನಾಲಿಗೆ ಚಪ್ಪರಿಸಿದ. ಆಮೇಲೆ ಅವಳ ಕೈ ಹಿಡಿದುಕೊಂಡ.

"ಉಪ್ಪು ಹದವಾಗಿದೆ ಕಣೇ. ಧೈರ್ಯವಾಗಿ ಕಳಿಸು."

ಎದೆ ಹಗುರಾಗಿ ಅವಳು ಒಳಗೆ ಬಂದಳು. ಈ ಜಾಡಿಗೆಂದು ಅಳೆದಿಟ್ಟ ಉಪ್ಪೆಲ್ಲ ಬಟ್ಟಲಲ್ಲಿ ಹಾಗೇ ಇತ್ತು.